ಗೋಲ್ಫ್ ಪ್ರಾಕ್ಟೀಸ್ ಜಾಗದ ಗಟ್ಟಿ ನೆಲ: ಹುಲ್ಲಿಗೆ ಗಾಳಿ ಕೊಡುವ ಕೆಲಸ

ಗೋಲ್ಫ್ ಕೋರ್ಸ್‌ನಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವ ಹುಲ್ಲು ಎಲ್ಲಿದೆ? ಗ್ರೀನ್‌ನಲ್ಲಿ, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ಗಿಡ್ಡ ಹುಲ್ಲಿನ ಜಾಗದಲ್ಲಿ ಅಂತ ಹಲವರು ಹೇಳುತ್ತಾರೆ. ನನ್ನ ಪ್ರಕಾರ ಅದು ಇರುವುದು ಡ್ರೈವಿಂಗ್ ರೇಂಜ್‌ನ, ಅಂದರೆ ಅಭ್ಯಾಸದ ಬಯಲಿನ, ಟೀ ಮೇಲೆ. ನಿಂತು ಚೆಂಡು ಹೊಡೆಯುವ ಹುಲ್ಲಿನ ಜಾಗಕ್ಕೆ ಟೀ ಅನ್ನುತ್ತಾರೆ. ಆಟಕ್ಕೆ ಇಳಿಯುವ ಮುಂಚೆ ಎಲ್ಲರೂ ಸಾಲಾಗಿ ನಿಂತು, ಚೆಂಡು ಹೊಡೆದು ಕೈ ಪಳಗಿಸಿಕೊಳ್ಳುವ ಜಾಗ ಅದು.

ಲೆಕ್ಕ ಸುಲಭ. ಕೋರ್ಸ್‌ನಲ್ಲಿ ಆಡುವವರು ಒಂದು ಟೀ ಮೇಲೆ ಒಂದೆರಡು ನಿಮಿಷ ನಿಲ್ಲುತ್ತಾರೆ, ಒಂದು ಏಟು ಹೊಡೆಯುತ್ತಾರೆ, ಮುಂದೆ ಹೋಗುತ್ತಾರೆ. ಎಷ್ಟೋ ಸಲ ಚೆಂಡು ಮರದ ಗೂಟದ ಮೇಲಿರುವುದರಿಂದ ಹುಲ್ಲಿಗೆ ಏನೂ ಆಗುವುದಿಲ್ಲ. ರೇಂಜ್‌ನಲ್ಲಿ ಹಾಗಲ್ಲ. ಒಂದು ಬುಟ್ಟಿ ಚೆಂಡು ತಂದವರು ಎರಡು ಚದರ ಮೀಟರ್ ಜಾಗದಲ್ಲೇ ಮುಕ್ಕಾಲು ಗಂಟೆ ನಿಲ್ಲುತ್ತಾರೆ. ಐರನ್ ಎಂಬ ಲೋಹದ ತಲೆಯ ಕೋಲಿನಿಂದ ಹೊಡೆದ ಹೆಚ್ಚುಕಡಿಮೆ ಪ್ರತಿ ಏಟಿಗೂ ಒಂದು ತುಂಡು ಹುಲ್ಲು ಮಣ್ಣು ಸಮೇತ ಕಿತ್ತು ಹಾರುತ್ತದೆ. ಅದನ್ನೇ ಡಿವಟ್ ಅನ್ನುವುದು. ಅವರು ಹೋದ ಮೇಲೆ ಅದೇ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ. ಶನಿವಾರ, ಭಾನುವಾರ ಬೆಳಗ್ಗಿನಿಂದ ಸಂಜೆವರೆಗೂ ಇದೇ ಕಥೆ.

ಕಿತ್ತುಹೋದ ಹುಲ್ಲು ಕಣ್ಣಿಗೆ ಕಾಣುತ್ತದೆ. ಅಲ್ಲಿಗೆ ಮರಳು ತುಂಬುತ್ತಾರೆ, ಅಕ್ಕಪಕ್ಕದ ಹುಲ್ಲು ಹಬ್ಬಿ ಮುಚ್ಚಿಕೊಳ್ಳುತ್ತದೆ. ಕಾಣದೇ ಇರುವ ತೊಂದರೆ ಕೆಳಗಿದೆ. ಅಷ್ಟು ಜನರ ಕಾಲಡಿಯಲ್ಲಿ ಮಣ್ಣು ಅದುಮಿಕೊಂಡು ಗಟ್ಟಿಯಾಗುತ್ತದೆ. ಹುಲ್ಲು ತೆಳ್ಳಗಾಗುತ್ತದೆ. ಮಧ್ಯಾಹ್ನ ಬಾಡುತ್ತದೆ. ಡಿವಟ್ ಬಿದ್ದ ಜಾಗ ತಿಂಗಳಾದರೂ ಮುಚ್ಚುವುದಿಲ್ಲ. ಆಗ ಸಾಮಾನ್ಯವಾಗಿ ಏನು ಮಾಡುತ್ತಾರೆ? ಇನ್ನಷ್ಟು ನೀರು ಬಿಡುತ್ತಾರೆ, ಇನ್ನೊಂದು ಚೀಲ ಯೂರಿಯಾ ಚೆಲ್ಲುತ್ತಾರೆ. ಎರಡೂ ಕೆಲಸಕ್ಕೆ ಬರುವುದಿಲ್ಲ. ಆ ಹೊತ್ತಿಗೆ ಬೇರಿಗೆ ಸಿಗದೇ ಇರುವುದು ಗಾಳಿ.

ಮಣ್ಣಿನೊಳಗೆ ಏನಾಗುತ್ತದೆ

ಒಂದು ಹಿಡಿ ಒಳ್ಳೆಯ ಮಣ್ಣಿನಲ್ಲಿ ಸುಮಾರು ಅರ್ಧ ಭಾಗ ಮಾತ್ರ ಮಣ್ಣು. ಉಳಿದರ್ಧ ಖಾಲಿ ಸಂದು. ಈ ಸಂದುಗಳಲ್ಲಿ ದೊಡ್ಡವು, ಸಣ್ಣವು ಎಂದು ಎರಡು ಬಗೆ. ಮಳೆ ಬಂದಾಗ ದೊಡ್ಡ ಸಂದುಗಳಿಂದ ನೀರು ಬೇಗ ಕೆಳಗೆ ಇಳಿದುಹೋಗುತ್ತದೆ, ಅದರ ಹಿಂದೆಯೇ ಗಾಳಿ ಬಂದು ತುಂಬಿಕೊಳ್ಳುತ್ತದೆ. ಸಣ್ಣ ಸಂದುಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಹುಲ್ಲಿಗೆ ಎರಡೂ ಬೇಕು.

ಭಾರ ಬಿದ್ದಾಗ ಮೊದಲು ಕುಸಿಯುವುದು ದೊಡ್ಡ ಸಂದುಗಳು. ಮಣ್ಣು ಅಷ್ಟೇ ಇರುತ್ತದೆ, ಗಾಳಿ ಓಡಾಡುವ ದಾರಿ ಮುಚ್ಚಿಹೋಗುತ್ತದೆ. ಸಣ್ಣ ಸಂದುಗಳು ಉಳಿದುಕೊಳ್ಳುವುದರಿಂದ ನೀರು ಮಾತ್ರ ಜಾಸ್ತಿ ಹೊತ್ತು ನಿಲ್ಲುತ್ತದೆ. ಬೇರು ಕೂಡ ಉಸಿರಾಡುತ್ತದೆ. ಅದಕ್ಕೆ ಆಮ್ಲಜನಕ ಬೇಕು, ಅದು ಬಿಟ್ಟ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಬೇಕು. ಗಾಳಿಯಲ್ಲಿ ಹರಡುವುದಕ್ಕೆ ಹೋಲಿಸಿದರೆ ನೀರಿನಲ್ಲಿ ಆಮ್ಲಜನಕ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಹಾಗಾಗಿ ಸಂದೆಲ್ಲ ನೀರಾದರೆ ಬೇರು ಉಸಿರುಗಟ್ಟಿದಂತೆಯೇ.

ಇಲ್ಲಿಂದ ಒಂದು ವಿಷಚಕ್ರ ಶುರುವಾಗುತ್ತದೆ. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಗಾಳಿ ಸಿಗದ ಬೇರು ಆಳಕ್ಕೆ ಹೋಗದೆ ಮೇಲಿನ ಎರಡು ಮೂರು ಸೆಂಟಿಮೀಟರ್‌ನಲ್ಲೇ ಉಳಿಯುತ್ತದೆ. ಅಷ್ಟು ಮಣ್ಣು ಬಿಸಿಲಿಗೆ ಬೇಗ ಒಣಗುತ್ತದೆ, ಹುಲ್ಲು ಬಾಡುತ್ತದೆ. ಬಾಡಿದ್ದನ್ನು ನೋಡಿ ಮಾಲಿ ನೀರು ಬಿಡುತ್ತಾನೆ. ಒದ್ದೆ ಮಣ್ಣು ಒಣ ಮಣ್ಣಿಗಿಂತ ಸುಲಭವಾಗಿ ಅದುಮಿಕೊಳ್ಳುತ್ತದೆ. ಮರುದಿನ ಬೆಳಗ್ಗೆ ಆ ಒದ್ದೆ ನೆಲದ ಮೇಲೆ ಆಟಗಾರರು ಬಂದು ನಿಲ್ಲುತ್ತಾರೆ. ನೆಲ ಇನ್ನಷ್ಟು ಗಟ್ಟಿ, ಬೇರು ಇನ್ನಷ್ಟು ಮೇಲಕ್ಕೆ, ನೀರು ಇನ್ನಷ್ಟು ಜಾಸ್ತಿ.

ಹಳ್ಳಿಯಲ್ಲಿ ಸುಗ್ಗಿಗೆ ಮುಂಚೆ ಕಣ ಮಾಡುವುದನ್ನು ನೋಡಿದವರಿಗೆ ಇದು ಹೊಸದಲ್ಲ. ನೆಲ ಕೆತ್ತಿ, ನೀರು ಚಿಮುಕಿಸಿ, ದನ ತುಳಿಸಿ, ರೋಣಗಲ್ಲು ಉರುಳಿಸಿ ಬೇಕಂತಲೇ ಗಟ್ಟಿ ಮಾಡುತ್ತಾರೆ, ಒಂದು ಹುಲ್ಲೂ ಹುಟ್ಟಬಾರದು ಅಂತ. ರೇಂಜ್ ಟೀ ಮೇಲೆ ಬೆಳಗಿನ ಜಾವ ಸ್ಪ್ರಿಂಕ್ಲರ್ ಹಾಕಿ, ಆರೂವರೆಗೆ ಗೇಟು ತೆಗೆದರೆ ನಾವು ಮಾಡುತ್ತಿರುವುದೂ ಅದನ್ನೇ. ಅಲ್ಲಿ ಹುಲ್ಲು ಬೆಳೆಯಲಿ ಅಂತ ಬೇರೆ ಆಸೆ ಪಡುತ್ತೇವೆ.

ಗಾಲ್ಫರ್ ನಿಲ್ಲುವ ರೀತಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ಏಟು ಹೊಡೆದು ಮುಗಿಸುವಾಗ ಮೈಭಾರ ಬಹುಪಾಲು ಮುಂದಿನ ಒಂದೇ ಕಾಲಿಗೆ ಬರುತ್ತದೆ, ಅದೂ ಆ ಪಾದದ ಹೊರ ಅಂಚಿಗೆ. ಜೊತೆಗೆ ಹಿಂದಿನ ಕಾಲು ತಿರುಚಿಕೊಳ್ಳುತ್ತದೆ. ಅದುಮುವುದು, ಉಜ್ಜುವುದು ಎರಡೂ ಒಟ್ಟಿಗೆ ಆಗುತ್ತವೆ. ಸಮಾಧಾನದ ಸಂಗತಿ ಅಂದರೆ, ಜನರ ಓಡಾಟದಿಂದ ಆಗುವ ಗಟ್ಟಿತನ ಬಹುಮಟ್ಟಿಗೆ ಮೇಲಿನ ಐದರಿಂದ ಎಂಟು ಸೆಂಟಿಮೀಟರ್‌ಗೆ ಸೀಮಿತ. ಯಂತ್ರದ ಕೈಗೆ ಸಿಗುವ ಆಳ ಅದು.

ಕೆಂಪು ಮಣ್ಣಿನ ಕಷ್ಟ

ಬೆಂಗಳೂರಿನಲ್ಲಿ ಗೋಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಅಲ್ಲಿಂದ ಇಲ್ಲಿಗೆ ಕೋಲು ಬದಲಾಗಿದೆ, ಚೆಂಡು ಬದಲಾಗಿದೆ. ನೆಲ ಮಾತ್ರ ಅದೇ ಕೆಂಪು ಮಣ್ಣು. ಈ ಮಣ್ಣಿನ ಗುಣ ತಿಳಿಯದೆ ಹೊರದೇಶದ ಸಲಹೆಯನ್ನು ಹಾಗೇ ನಕಲು ಮಾಡಿದರೆ ಅರ್ಧ ಕೆಲಸ ಕೆಡುತ್ತದೆ.

ಚಳಿ ದೇಶಗಳಲ್ಲಿ ಚಳಿಗಾಲದಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಆಮೇಲೆ ಕರಗುತ್ತದೆ. ಇದರಿಂದ ನೆಲ ತಾನಾಗಿಯೇ ಸ್ವಲ್ಪ ಸಡಿಲವಾಗುತ್ತದೆ. ನಮ್ಮ ಉತ್ತರ ಕರ್ನಾಟಕದ ಎರೆ ಮಣ್ಣು ಇನ್ನೊಂದು ದಾರಿ ಹಿಡಿಯುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ವರ್ಷಕ್ಕೊಮ್ಮೆ ತನ್ನನ್ನು ತಾನೇ ಉತ್ತುಕೊಂಡಂತೆ. ಕೆಂಪು ಮಣ್ಣಿಗೆ ಈ ಎರಡೂ ಇಲ್ಲ. ಅದರಲ್ಲಿರುವ ಜೇಡಿ ಹೆಚ್ಚಾಗಿ ಕೇಓಲಿನೈಟ್ ಜಾತಿಯದು. ನೀರು ಕುಡಿದರೂ ಅದು ಅಷ್ಟಾಗಿ ಉಬ್ಬುವುದಿಲ್ಲ, ಒಣಗಿದರೂ ಅಷ್ಟಾಗಿ ಬಿರಿಯುವುದಿಲ್ಲ. ಸುಮ್ಮನೆ ಗಟ್ಟಿಯಾಗಿ ಕೂತುಬಿಡುತ್ತದೆ. ಏಪ್ರಿಲ್‌ನಲ್ಲಿ ಹಾರೆ ಹಾಕಿದವರಿಗೆ ಗೊತ್ತು. ಅಂದರೆ ಇಲ್ಲಿ ಅದುಮಿದ ನೆಲ ತಾನಾಗಿ ಸರಿಹೋಗಲಿ ಅಂತ ಕಾಯುವುದರಲ್ಲಿ ಅರ್ಥವಿಲ್ಲ. ನಾವೇ ತೂತು ಹಾಕಬೇಕು.

ಗ್ರೀನ್‌ಗಳ ವಿಷಯ ಬೇರೆ. ಅಮೆರಿಕದ ಗೋಲ್ಫ್ ಸಂಘ, ಅಂದರೆ ಯುಎಸ್‌ಜಿಎ, 1960ರಲ್ಲಿ ಗ್ರೀನ್ ಕಟ್ಟುವ ಒಂದು ವಿಧಾನ ಪ್ರಕಟಿಸಿತು. ಕೆಳಗೆ 10 ಸೆಂ.ಮೀ. ಜಲ್ಲಿ, ಅದರ ಮೇಲೆ 30 ಸೆಂ.ಮೀ. ಬಹುಪಾಲು ಮರಳು. ಮರಳಿನ ಕಾಳು ಅದುಮಿದರೂ ಜಾಸ್ತಿ ಕುಸಿಯುವುದಿಲ್ಲ. ಹಣ ಇರುವ ಹೊಸ ಕೋರ್ಸ್‌ಗಳು ಗ್ರೀನ್‌ಗಳನ್ನು ಈ ರೀತಿ ಕಟ್ಟಿಸುತ್ತವೆ. ಪ್ರಾಕ್ಟೀಸ್ ಟೀಗೆ ಅಷ್ಟು ಖರ್ಚು ಮಾಡುವವರು ಕಡಿಮೆ. ಇದ್ದ ಮಣ್ಣನ್ನೇ ಮಟ್ಟ ಮಾಡಿ ಹುಲ್ಲು ಹಾಕಿರುತ್ತಾರೆ. ಹೆಚ್ಚು ತುಳಿತದ ಜಾಗಕ್ಕೆ ಕಡಿಮೆ ತಾಳಿಕೆಯ ನೆಲ. ಈ ಲೆಕ್ಕಾಚಾರ ನನಗೆ ಯಾವತ್ತೂ ಅರ್ಥವಾಗಿಲ್ಲ.

ಗಟ್ಟಿಯಾಗಿದೆಯೇ ಅಂತ ಹೇಗೆ ತಿಳಿಯುವುದು

ಹುಲ್ಲು ತೆಳ್ಳಗಿದ್ದ ಮಾತ್ರಕ್ಕೆ ಮಣ್ಣು ಗಟ್ಟಿ ಅಂತಲ್ಲ. ಮರದ ನೆರಳಿರಬಹುದು, ಸ್ಪ್ರಿಂಕ್ಲರ್‌ನ ಬಾಯಿ ಕಟ್ಟಿರಬಹುದು, ಹುಳ ಬಿದ್ದಿರಬಹುದು. ಮೊದಲು ಪರೀಕ್ಷೆ ಮಾಡಿ.

ಉದ್ದನೆಯ ಸ್ಕ್ರೂಡ್ರೈವರ್ ಸಾಕು. ನೀರು ಬಿಟ್ಟ ಮರುದಿನ ಟೀ ಮೇಲೆ ಒಂದು ಕಡೆ ಕೈಯಿಂದ ಒತ್ತಿ. ಆಮೇಲೆ ಯಾರೂ ಓಡಾಡದ ಅಂಚಿನಲ್ಲಿ ಒತ್ತಿ. ಅಂಚಿನಲ್ಲಿ ಸಲೀಸಾಗಿ ಹೋಗಿ, ಟೀ ಮೇಲೆ ಮೂರು ಸೆಂಟಿಮೀಟರ್‌ಗೇ ನಿಂತರೆ ಉತ್ತರ ಸಿಕ್ಕಿತು. ಇದನ್ನೇ ಅಳತೆಯಲ್ಲಿ ಹೇಳಲು ಪೆನೆಟ್ರೋಮೀಟರ್ ಎಂಬ ಉಪಕರಣ ಇದೆ. ಅದರಲ್ಲಿ 300 ಪಿಎಸ್‌ಐ (ಚದರ ಇಂಚಿಗೆ 300 ಪೌಂಡ್ ಒತ್ತಡ) ದಾಟಿದರೆ ಹೆಚ್ಚಿನ ಗಿಡಗಳ ಬೇರು ಮುಂದೆ ಹೋಗುವುದಿಲ್ಲ ಅಂತ ಲೆಕ್ಕ. ಪ್ರಯೋಗಾಲಯಕ್ಕೆ ಮಣ್ಣು ಕಳಿಸಿದರೆ ಸಾಂದ್ರತೆ ಹೇಳುತ್ತಾರೆ. ಮರಳು ಮಿಶ್ರಿತ ಗೋಡು ಮಣ್ಣು ಘನ ಸೆಂಟಿಮೀಟರ್‌ಗೆ 1.4 ಗ್ರಾಂ ಒಳಗಿದ್ದರೆ ಬೇರಿಗೆ ಖುಷಿ. 1.8ಕ್ಕೆ ಬಂದರೆ ಬೇರು ನಿಂತೇಹೋಗುತ್ತದೆ. ಜೇಡಿ ಮಣ್ಣಿನಲ್ಲಾದರೆ 1.47ಕ್ಕೇ ಆ ಸ್ಥಿತಿ.

ಆದರೆ ಯಾವ ಉಪಕರಣಕ್ಕಿಂತಲೂ ನನಗೆ ನಂಬಿಕೆ ಇರುವುದು ಗ್ರೀನ್‌ನಲ್ಲಿ ಹೋಲ್ ತೆಗೆಯುವ ಕಪ್ ಕಟರ್ ಮೇಲೆ. ಎಲ್ಲ ಕೋರ್ಸ್‌ನಲ್ಲೂ ಇದ್ದೇ ಇರುತ್ತದೆ. ಅದರಿಂದ ಟೀ ಮೇಲೆ ಒಂದು ಮಣ್ಣಿನ ಉಂಡೆ ಎತ್ತಿ, ಉದ್ದಕ್ಕೆ ಮುರಿದು ನೋಡಿ. ಬೇರು ಎಲ್ಲಿವರೆಗೆ ಇಳಿದಿದೆ? ಮಣ್ಣು ಕೈಯಲ್ಲಿ ಪುಡಿಯಾಗುತ್ತದೋ, ಹೆಂಟೆಯಾಗಿ ಒಡೆಯುತ್ತದೋ? ಬೇರೆ ಬಣ್ಣದ ಪದರ ಇದೆಯಾ? ಕಪ್ಪು ಪದರ ಇದ್ದು ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ಗಾಳಿ ಇಲ್ಲವೇ ಇಲ್ಲ. ಹುಲ್ಲಿನ ಬುಡದಲ್ಲಿ ಒಣ ಕಾಂಡ, ಬೇರುಗಳ ದಪ್ಪ ಹಾಸು ಕಟ್ಟಿದ್ದರೆ ಅದನ್ನು ಥ್ಯಾಚ್ ಅನ್ನುತ್ತಾರೆ. ಅದಕ್ಕೆ ಮದ್ದು ಸ್ವಲ್ಪ ಬೇರೆ, ಹುಲ್ಲನ್ನು ಉದ್ದಕ್ಕೆ ಸೀಳುವ ಯಂತ್ರವೂ ಬೇಕಾಗುತ್ತದೆ.

ಕಳೆಯೂ ಸುಳಿವು ಕೊಡುತ್ತದೆ. ಗಟ್ಟಿ ನೆಲದಲ್ಲಿ ಬೇರೆಲ್ಲ ಸೋತು ಹೋದಾಗ ಚೆನ್ನಾಗಿ ಬರುವ ಒಂದು ಹುಲ್ಲಿದೆ. ಬುಡ ಬೆಳ್ಳಗೆ, ಚಪ್ಪಟೆಯಾಗಿ ನೆಲಕ್ಕೆ ಅಂಟಿಕೊಂಡಿರುತ್ತದೆ. ತೆನೆ ನೋಡಿದರೆ ಬಡಕಲು ರಾಗಿ ತೆನೆಯ ಹಾಗೆ ಕಾಣುತ್ತದೆ. ಅದರಲ್ಲಿ ಆಶ್ಚರ್ಯವಿಲ್ಲ, ಅದು ರಾಗಿಯ ಹತ್ತಿರದ ಕಾಡು ನೆಂಟನೇ. ಎಲ್ಯೂಸಿನ್ ಇಂಡಿಕಾ ಅದರ ಹೆಸರು. ಕಾಲುದಾರಿಗಳ ಪಕ್ಕ ನೋಡಿರುತ್ತೀರಿ. ಟೀ ಮೇಲೆ ಇದು ಗುಂಪುಗುಂಪಾಗಿ ಎದ್ದರೆ ಕಳೆನಾಶಕ ಹೊಡೆಯುವ ಮುಂಚೆ ನೆಲ ನೋಡಿ.

ತೂತಿನ ಲೆಕ್ಕ

ಹಿಂದೆ ಈ ಕೆಲಸಕ್ಕೆ ತೋಟದ ಫೋರ್ಕೇ ಗತಿ. ಸಾಲಾಗಿ ಚುಚ್ಚಿ, ಹಿಂದಕ್ಕೆ ಸ್ವಲ್ಪ ಮೀಟಿ, ಮುಂದಕ್ಕೆ ಹೋಗುವುದು. 1946ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಟಾಮ್ ಮಸ್ಕಾರೊ ಇದಕ್ಕೆಂದೇ ಏರಿಫೈಯರ್ ಎಂಬ ಯಂತ್ರ ಮಾಡಿದರು. ಅಲ್ಲಿಂದ ಗೋಲ್ಫ್ ಕೋರ್ಸ್‌ಗಳಲ್ಲಿ ಇದು ಪ್ರತಿ ವರ್ಷದ ಕೆಲಸವಾಯಿತು. ಈಗ ಸಾಮಾನ್ಯವಾಗಿ ಕಾಣುವುದು ಹಿಂದೆ ನಡೆದುಕೊಂಡು ಓಡಿಸುವ ಯಂತ್ರ. ಹೊಲಿಗೆ ಮೆಷಿನ್ನಿನ ಸೂಜಿಗಳ ಥರ ಅದರ ಲೋಹದ ಹಲ್ಲುಗಳು, ಅಂದರೆ ಟೈನ್‌ಗಳು, ಮೇಲೆ ಕೆಳಗೆ ಆಡುತ್ತವೆ.

ಟೈನ್ ಒಳಗೆ ಟೊಳ್ಳಾಗಿದ್ದರೆ ಬೆರಳುದ್ದದ ಮಣ್ಣಿನ ಕಡ್ಡಿಯನ್ನು ಕಿತ್ತು ಮೇಲೆ ಹಾಕುತ್ತದೆ. ಇದಕ್ಕೆ ಕೋರ್ ಅನ್ನುತ್ತಾರೆ. ಟೊಳ್ಳು ಟೈನ್‌ನ ಹಿರಿಮೆ ಇಷ್ಟೇ: ಮಣ್ಣನ್ನು ನಿಜವಾಗಿ ಹೊರಗೆ ತೆಗೆಯುತ್ತದೆ. ಅಕ್ಕಪಕ್ಕದ ಅದುಮಿದ ಮಣ್ಣಿಗೆ ಹರಡಿಕೊಳ್ಳಲು ಜಾಗ ಸಿಗುತ್ತದೆ. ಒಳಗೆ ಟೊಳ್ಳಿಲ್ಲದ ಗಟ್ಟಿ ಟೈನ್ ಹಾಗಲ್ಲ. ತೂತು ಬೀಳುತ್ತದೆ, ಮಣ್ಣು ಹೊರಗೆ ಬರುವುದಿಲ್ಲ, ಪಕ್ಕಕ್ಕೆ ಒತ್ತಿಕೊಳ್ಳುತ್ತದೆ. ಗಾಳಿ, ನೀರು ಒಳಗೆ ಹೋಗಲು ತಾತ್ಕಾಲಿಕ ದಾರಿ ಆಗುತ್ತದೆ, ಅಷ್ಟೇ. ಆದರೆ ಗಟ್ಟಿ ಟೈನ್‌ಗೆ ಒಂದು ಅನುಕೂಲ ಇದೆ. ಎಂಟು ಮಿಲಿಮೀಟರ್‌ನ ಸಣ್ಣ ಟೈನ್ ಹಾಕಿದರೆ ಸಂಜೆ ಕೆಲಸ ಮುಗಿಸಿ ಬೆಳಗ್ಗೆ ಟೀ ತೆರೆಯಬಹುದು, ಆಟಗಾರರಿಗೆ ಗೊತ್ತೂ ಆಗುವುದಿಲ್ಲ. ಹಾಗಾಗಿ ನಡುನಡುವೆ ತಿಂಗಳಿಗೊಮ್ಮೆ ಇದನ್ನು ಮಾಡುತ್ತಿದ್ದರೆ ಒಳ್ಳೆಯದು. ಟೊಳ್ಳು ಟೈನ್‌ಗೆ ಇದೇ ಬದಲಿ ಅಂದುಕೊಳ್ಳಬಾರದು.

ಚಪ್ಪಲಿಗೆ ಮೊಳೆ ಹೊಡೆದು ಹುಲ್ಲಿನ ಮೇಲೆ ಓಡಾಡುವ ಸಾಧನಗಳೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ಮನೆಯವರಿಗೆ ವ್ಯಾಯಾಮ ಆಗುತ್ತದೆ.

ಈಗ ಲೆಕ್ಕ. ತೂತಿನ ಅಗಲ 12 ಮಿ.ಮೀ., ತೂತಿನಿಂದ ತೂತಿಗೆ 5 ಸೆಂ.ಮೀ. ದೂರ ಅಂತಿಟ್ಟುಕೊಳ್ಳಿ. ಒಂದು ಚದರ ಮೀಟರ್‌ನಲ್ಲಿ 400 ತೂತು ಬೀಳುತ್ತವೆ. ಕೇಳಲು ತುಂಬಾ ಅನ್ನಿಸುತ್ತದೆ. ಆದರೆ ಒಟ್ಟು ತೆರೆದುಕೊಂಡ ಮೇಲ್ಮೈ ಬರೀ 4.5 ಶೇಕಡಾ! ಅದೇ ದೂರದಲ್ಲಿ ತೂತು 16 ಮಿ.ಮೀ. ಆದರೆ 8 ಶೇಕಡಾ. ನಾಲ್ಕೇ ಮಿಲಿಮೀಟರ್ ವ್ಯತ್ಯಾಸಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು ಕೆಲಸ. ಗ್ರೀನ್‌ಗಳಿಗೆ ವರ್ಷದಲ್ಲಿ ಒಟ್ಟು 15ರಿಂದ 20 ಶೇಕಡಾ ಮೇಲ್ಮೈ ತೆರೆಯಬೇಕು ಎಂಬ ಗುರಿಯನ್ನು ಬಹಳ ಜನ ಇಟ್ಟುಕೊಳ್ಳುತ್ತಾರೆ. ರೇಂಜ್ ಟೀಗೂ ಅದಕ್ಕಿಂತ ಕಡಿಮೆ ಸಾಲದು. ಅಂದರೆ 12 ಮಿ.ಮೀ. ಟೈನ್‌ನಲ್ಲಿ ನಾಲ್ಕು ಸಲ, 16 ಮಿ.ಮೀ. ಟೈನ್‌ನಲ್ಲಿ ಎರಡರಿಂದ ಮೂರು ಸಲ. ಫೇರ್‌ವೇಗೆ (ಟೀಯಿಂದ ಗ್ರೀನ್‌ವರೆಗಿನ ಹುಲ್ಲುಹಾಸಿಗೆ) ವರ್ಷಕ್ಕೆ ಒಂದೇ ಸಲ ಮಾಡುತ್ತೇವೆ, ರೇಂಜ್‌ಗೂ ಅದೇ ದಿನ ಮುಗಿಸಿಬಿಡೋಣ ಅನ್ನುವುದು ಎಲ್ಲಿಗೂ ಸಾಲುವುದಿಲ್ಲ ಎಂದು ಈ ಲೆಕ್ಕವೇ ಹೇಳುತ್ತದೆ.

ಇನ್ನೊಂದು ಎಚ್ಚರ. ಪ್ರತಿ ಸಲವೂ ಒಂದೇ ಆಳಕ್ಕೆ ಟೈನ್ ಇಳಿಸುತ್ತಿದ್ದರೆ, ಟೈನ್‌ನ ತುದಿ ಹೋಗಿ ನಿಲ್ಲುವ ಮಟ್ಟದಲ್ಲಿ ಹೊಸ ಗಟ್ಟಿ ಪದರ ಕಟ್ಟುತ್ತದೆ. ಒಂದೇ ಆಳಕ್ಕೆ ವರ್ಷಗಟ್ಟಲೆ ನೇಗಿಲು ಹೊಡೆದ ಹೊಲದಲ್ಲೂ ಇದೇ ಆಗುವುದು. ಒಮ್ಮೆ 7 ಸೆಂ.ಮೀ., ಇನ್ನೊಮ್ಮೆ 10 ಸೆಂ.ಮೀ. ಹೀಗೆ ಬದಲಾಯಿಸುತ್ತಿರಬೇಕು. ಕೆಳಗೆ ಪದರ ಕಟ್ಟಿಯಾಗಿದ್ದರೆ ವರ್ಷಕ್ಕೊಮ್ಮೆ ಆಳದ ಟೈನ್ ಬೇಕು. ನೆದರ್‌ಲ್ಯಾಂಡ್ಸ್‌ನ ವರ್ಟಿ‌ಡ್ರೇನ್ ಈ ಬಗೆಯ ಯಂತ್ರಗಳಲ್ಲಿ ಹೆಸರುವಾಸಿ. ಟ್ರ್ಯಾಕ್ಟರ್‌ಗೆ ಜೋಡಿಸುವ ಇದರ ಟೈನ್ 25 ಸೆಂ.ಮೀ.ಗಿಂತಲೂ ಆಳಕ್ಕೆ ಇಳಿದು, ತಳದಲ್ಲಿ ಹಿಂದಕ್ಕೆ ಒಂದು ಒದೆ ಕೊಟ್ಟು ಮೇಲೆ ಬರುತ್ತದೆ. ಆ ಒದೆಗೆ ಮಣ್ಣು ಒಳಗೊಳಗೇ ಬಿರುಕು ಬಿಡುತ್ತದೆ. ಹೆಚ್ಚು ಒತ್ತಡದ ನೀರನ್ನೇ ಚುಚ್ಚುವ ಯಂತ್ರಗಳೂ ಇವೆ. ಮೇಲ್ಮೈ ಚೂರೂ ಕೆಡುವುದಿಲ್ಲ, ಬೆಲೆ ಮಾತ್ರ ಕೈಗೆಟುಕದ್ದು.

ಹದ ನೋಡಿ ಇಳಿಯಬೇಕು

ಬಿತ್ತನೆಗೆ ಇಳಿಯುವ ರೈತ ಮಣ್ಣಿನ ಹದ ನೋಡುತ್ತಾನಲ್ವಾ, ಇಲ್ಲೂ ಅದೇ. ಒಂದು ಹಿಡಿ ಮಣ್ಣು ಮುಷ್ಟಿಯಲ್ಲಿ ಅದುಮಿ. ಉಂಡೆಯಾಗಿ ನಿಂತು, ಬೆರಳಿನಿಂದ ತಟ್ಟಿದರೆ ಒಡೆದು ಉದುರಿದರೆ ಹದ ಬಂದಿದೆ. ಕೈಗೆ ಮೆತ್ತಿಕೊಂಡರೆ ಕಾಯಿರಿ. ಒದ್ದೆ ಮಣ್ಣಿಗೆ ಟೈನ್ ಇಳಿಸಿದರೆ ತೂತಿನ ಗೋಡೆ ನುಣ್ಣಗೆ ಸಾರಿಸಿದಂತಾಗುತ್ತದೆ, ಅದರೊಳಗಿಂದ ಗಾಳಿಯೂ ದಾಟದು ಬೇರೂ ದಾಟದು. ಯಂತ್ರದ ಭಾರಕ್ಕೆ ನೆಲ ಇನ್ನಷ್ಟು ಅದುಮಿಕೊಳ್ಳುತ್ತದೆ. ತೀರಾ ಒಣಗಿದ್ದರೆ ಟೈನ್ ಇಳಿಯುವುದೇ ಇಲ್ಲ, ಯಂತ್ರ ಕುಣಿಯುತ್ತದೆ, ಹುಲ್ಲಿನ ಹಾಸು ಎದ್ದು ಬರುತ್ತದೆ. ಒಂದು ದಿನ ಮುಂಚೆ ಚೆನ್ನಾಗಿ ನೀರು ಬಿಟ್ಟು, ಬೆಳಗ್ಗೆ ಹದ ನೋಡಿ ಶುರು ಮಾಡುವುದು ಕ್ಷೇಮ. ಆಳದ ಟೈನ್‌ಗೆ ಮಾತ್ರ ಮಣ್ಣು ಸ್ವಲ್ಪ ಒಣಗಿರುವುದೇ ಒಳ್ಳೆಯದು, ಆಗಲೇ ಅದು ಬಿರಿಯುವುದು.

ಯಾವ ತಿಂಗಳು? ಹುಲ್ಲು ಜೋರಾಗಿ ಬೆಳೆಯುವ ತಿಂಗಳು. ನಮ್ಮ ಕಡೆ ಗೋಲ್ಫ್ ಕೋರ್ಸ್‌ಗಳಲ್ಲಿ ಹೆಚ್ಚಾಗಿರುವುದು ಬರ್ಮುಡಾ ಹುಲ್ಲು. ಹೆಸರು ಕೇಳಿ ಹೊರಗಿನದು ಅಂದುಕೊಳ್ಳಬೇಡಿ. ಅದು ನಾವು ಗಣಪತಿಗೆ ಏರಿಸುವ ಗರಿಕೆಯೇ. ಕೋರ್ಸ್‌ಗಳಲ್ಲಿ ಹಾಕುವ ಟಿಫ್‌ವೇ 419ರಂಥ ತಳಿಗಳು ಗರಿಕೆ ಮತ್ತು ಆಫ್ರಿಕಾದ ಅದರ ಸೋದರಿ ಹುಲ್ಲಿನ ಮಿಶ್ರ. ಟಿಫ್‌ವೇ 419 ಅನ್ನು 1960ರಲ್ಲಿ ಹೊರತಂದವರು ಅಮೆರಿಕದ ಟಿಫ್ಟನ್ ಊರಿನ ತಳಿ ವಿಜ್ಞಾನಿ ಗ್ಲೆನ್ ಬರ್ಟನ್. ಇದೇ ಬರ್ಟನ್ ಸಜ್ಜೆಯಲ್ಲೂ ಕೆಲಸ ಮಾಡಿದ್ದರು. ಭಾರತದ ಮೊದಲ ಹೈಬ್ರಿಡ್ ಸಜ್ಜೆ 1965ರಲ್ಲಿ ಬಂದಾಗ, ಅದರ ಹೆಣ್ಣು ತಳಿ ಅವರ ಟಿಫ್ಟನ್‌ನದೇ. ಗೋಲ್ಫ್ ಟೀಗೂ ಸಜ್ಜೆ ರೊಟ್ಟಿಗೂ ಹೀಗೊಂದು ನೆಂಟಸ್ತಿಕೆ.

ಗರಿಕೆ ಬಿಸಿಲಿನ ಹುಲ್ಲು. ಬೆಚ್ಚಗಿದ್ದಾಗ ನೆಲದ ಮೇಲೂ ಕೆಳಗೂ ಬಳ್ಳಿ ಹರಿದು ತೂತುಗಳನ್ನು ಬೇಗ ಮುಚ್ಚುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಚಳಿಗೆ ಅದರ ಓಟ ನಿಧಾನ. ಆಗ ದೊಡ್ಡ ತೂತು ಹಾಕಿದರೆ ವಾರಗಟ್ಟಲೆ ಹಾಗೇ ಬಾಯಿ ತೆರೆದುಕೊಂಡಿರುತ್ತವೆ, ಕಳೆ ಬೀಜಕ್ಕೆ ಜಾಗ ಸಿಗುತ್ತದೆ. ನನ್ನ ಆಯ್ಕೆ ಏಪ್ರಿಲ್ ಕೊನೆ ಅಥವಾ ಮೇ. ಒಂದೆರಡು ಮುಂಗಾರು ಪೂರ್ವ ಮಳೆ ಬಿದ್ದಿರುತ್ತದೆ, ನೆಲ ಹದವಾಗಿರುತ್ತದೆ, ಮುಂದೆ ಜೂನ್‌ನ ಮಳೆಯೂ ಬಿಸಿಲೂ ಕಾದಿರುತ್ತವೆ. ಎರಡನೆಯದು ಜುಲೈ ಕೊನೆಯ ಹೊತ್ತಿಗೆ, ಮಳೆ ಬಿಡುವು ಕೊಟ್ಟ ವಾರದಲ್ಲಿ. ಸೆಪ್ಟೆಂಬರ್, ಅಕ್ಟೋಬರ್‌ನ ಜಡಿಮಳೆಯಲ್ಲಿ ಯಂತ್ರ ಹೊರಗೆ ತೆಗೆಯದೇ ಇರುವುದು ಮೇಲು. ಮಳೆ ನಿಂತ ಮೇಲೆ, ಚಳಿ ಶುರುವಾಗುವ ಮುಂಚೆ ಇನ್ನೊಂದು ಸಲ ಸಣ್ಣ ಟೈನ್‌ನಲ್ಲಿ ಮುಗಿಸಬಹುದು.

ಕೆಲಸದ ದಿನ

ಮೊದಲು ಸ್ಪ್ರಿಂಕ್ಲರ್ ತಲೆ, ವಾಲ್ವ್ ಪೆಟ್ಟಿಗೆ, ಕೇಬಲ್ ಹೋದ ದಾರಿ, ಎಲ್ಲಕ್ಕೂ ಸಣ್ಣ ಬಾವುಟ ನೆಡಿ. ಟೈನ್‌ಗೆ ಸಿಕ್ಕ ಪೈಪು ಆ ದಿನದ ಇಡೀ ಕೆಲಸ ನುಂಗುತ್ತದೆ. ಹುಲ್ಲನ್ನು ಎಂದಿಗಿಂತ ಸ್ವಲ್ಪ ಗಿಡ್ಡಕ್ಕೆ ಕತ್ತರಿಸಿರಿ. ಎರಡು ಮೀಟರ್ ಓಡಿಸಿ ನಿಲ್ಲಿಸಿ, ಆಳ ಅಳೆಯಿರಿ. ಸೆಟ್ಟಿಂಗ್‌ನಲ್ಲಿ 10 ಸೆಂ.ಮೀ. ಇದ್ದ ಮಾತ್ರಕ್ಕೆ ಗಟ್ಟಿ ನೆಲದಲ್ಲಿ ಅಷ್ಟು ಇಳಿದಿರುವುದಿಲ್ಲ.

ಮೇಲೆ ಬಂದ ಕೋರ್‌ಗಳನ್ನು ಏನು ಮಾಡುವುದು? ಇದರಲ್ಲಿ ಎರಡು ಪಂಗಡ. ಅಲ್ಲೇ ಒಣಗಲು ಬಿಟ್ಟು, ಬಲೆ ಎಳೆದು ಪುಡಿ ಮಾಡಿ ಮತ್ತೆ ತೂತಿಗೇ ಸೇರಿಸುವವರು ಕೆಲವರು. ಮಣ್ಣು ಒಳ್ಳೆಯದಿದ್ದರೆ ಇದು ಸರಿ, ಖರ್ಚೂ ಕಡಿಮೆ. ಆದರೆ ಜೇಡಿ ಜಾಸ್ತಿ ಇರುವ ಕೆಂಪು ಮಣ್ಣಿನ ರೇಂಜ್ ಟೀಗೆ ನಾನು ಇನ್ನೊಂದು ಪಂಗಡ. ಕೋರ್‌ಗಳನ್ನು ಗುಡಿಸಿ ತೆಗೆದು, ತೂತಿಗೆ ಮರಳು ತುಂಬಬೇಕು. ತೊಂದರೆ ಕೊಟ್ಟ ಮಣ್ಣನ್ನೇ ಮತ್ತೆ ತುರುಕಿದರೆ ಕೆಲವು ವಾರಗಳಲ್ಲಿ ಹಳೇ ಕಥೆಯೇ. ಮರಳು ತುಂಬಿದ ತೂತು ಕಾಲಿನ ಭಾರಕ್ಕೆ ಬೇಗ ಮುಚ್ಚಿಹೋಗುವುದಿಲ್ಲ. ಬೇರುಗಳು ಆ ಮರಳಿನ ಕಂಬದಲ್ಲೇ ಇಳಿಯುತ್ತವೆ, ಅಲ್ಲಿಂದ ಪಕ್ಕಕ್ಕೆ ಹರಡುತ್ತವೆ.

ಮರಳು ಎಷ್ಟು ಬೇಕು ಎಂಬುದನ್ನು ಮುಂಚೆಯೇ ಲೆಕ್ಕ ಹಾಕಿ. 12 ಮಿ.ಮೀ. ಅಗಲ, 10 ಸೆಂ.ಮೀ. ಆಳದ 400 ತೂತಿಗೆ, ಅಂದರೆ ಒಂದು ಚದರ ಮೀಟರ್‌ಗೆ, ನಾಲ್ಕೂವರೆ ಲೀಟರ್. 500 ಚದರ ಮೀಟರ್ ಟೀಗೆ ಸುಮಾರು ಎರಡೂಕಾಲು ಘನ ಮೀಟರ್. 16 ಮಿ.ಮೀ. ತೂತಾದರೆ ನಾಲ್ಕು ಘನ ಮೀಟರ್. ಅರ್ಧ ಕೆಲಸದಲ್ಲಿ ಮರಳು ಮುಗಿದು ತೂತುಗಳು ಖಾಲಿ ಉಳಿಯುವುದು ಇಂಥ ಕೆಲಸದಲ್ಲಿ ಆಗುವ ಸಾಮಾನ್ಯ ಎಡವಟ್ಟು.

ಯಾವ ಮರಳು ಎಂಬುದು ಇನ್ನೂ ಮುಖ್ಯ. ಕಾಂಕ್ರೀಟ್‌ಗೆ ಬರುವ ಎಂ-ಸ್ಯಾಂಡ್‌ನಲ್ಲಿ ದಪ್ಪ ಕಾಳಿನಿಂದ ಹಿಡಿದು ಪುಡಿವರೆಗೆ ಎಲ್ಲ ಗಾತ್ರವೂ ಇರುತ್ತದೆ. ದಪ್ಪ ಕಾಳಿನ ಸಂದಿಗೆ ಸಣ್ಣದು ಹೋಗಿ ಕೂತು, ಸಂದೇ ಉಳಿಯಬಾರದು ಎಂಬುದು ಕಾಂಕ್ರೀಟ್‌ನ ಉದ್ದೇಶ. ನಮಗೆ ಬೇಕಿರುವುದು ಅದರ ತದ್ವಿರುದ್ಧ. ಕಾಳುಗಳು ಹೆಚ್ಚುಕಡಿಮೆ ಒಂದೇ ಗಾತ್ರ ಇರಬೇಕು, ನಡುವೆ ಸಂದು ಉಳಿಯಬೇಕು. ಕನಿಷ್ಠ 60 ಶೇಕಡಾ ಕಾಳು ಕಾಲು ಮಿಲಿಮೀಟರ್‌ನಿಂದ ಒಂದು ಮಿಲಿಮೀಟರ್ ನಡುವೆ ಇರಲಿ, ಧೂಳು ತೀರಾ ಕಡಿಮೆ ಇರಲಿ. ಎಂ-ಸ್ಯಾಂಡೇ ಸಿಗುವುದಾದರೆ ತೊಳೆದು, ಜರಡಿ ಹಿಡಿಸಿ ತರಿಸಿ. ಮರಳು ಪೂರ್ತಿ ಒಣಗಿರಬೇಕು, ಇಲ್ಲದಿದ್ದರೆ ತೂತಿನ ಬಾಯಲ್ಲೇ ಕಟ್ಟಿಕೊಳ್ಳುತ್ತದೆ. ಹರಡಿ, ಪೊರಕೆ ಅಥವಾ ಬಲೆ ಎಳೆದು, ತೂತು ಮೇಲಿನವರೆಗೂ ತುಂಬುವ ತನಕ ಮತ್ತೆ ಮತ್ತೆ ಎಳೆಯಬೇಕು.

ತಕ್ಷಣ ನೀರು ಕೊಡಿ. ತೂತಿನ ಗೋಡೆಯಲ್ಲಿ ಬೇರು ಹೊರಗೆ ಕಾಣುತ್ತಿರುತ್ತದೆ, ಮೇ ತಿಂಗಳ ಬಿಸಿಲಿಗೆ ಬೇಗ ಒಣಗುತ್ತದೆ. ಕೆಲವು ದಿನ ಬಿಟ್ಟು ಹಗುರವಾಗಿ ಸಾರಜನಕ ಕೊಡಬಹುದು. ಆಗ ಯೂರಿಯಾಗೂ ಒಂದು ಅರ್ಥ ಇರುತ್ತದೆ. ಬೇಸಿಗೆಯಲ್ಲಿ ಎರಡು ಮೂರು ವಾರಕ್ಕೆ ಟೀ ಮತ್ತೆ ಬಳಕೆಗೆ ಬರುತ್ತದೆ. ಇಡೀ ಟೀ ಒಂದೇ ಸಲ ಮುಚ್ಚಬೇಡಿ. ಮೂರು ಭಾಗ ಮಾಡಿ, ಒಂದಾದ ಮೇಲೊಂದು ಮುಗಿಸಿದರೆ ಆಟಗಾರರ ಗೊಣಗಾಟ ಕಡಿಮೆ.

ಯಂತ್ರ ಇಲ್ಲದ ಸಣ್ಣ ಜಾಗ, ಸಣ್ಣ ಏಟು ಅಭ್ಯಾಸ ಮಾಡುವ ಚಿಪ್ಪಿಂಗ್ ಗ್ರೀನ್ ಸುತ್ತ ಇರುವಂಥದ್ದು, ಫೋರ್ಕ್‌ನಲ್ಲೇ ಆಗುತ್ತದೆ. ಟೊಳ್ಳು ಹಲ್ಲಿನ ಕೈ ಫೋರ್ಕ್ ಕೂಡ ಸಿಗುತ್ತದೆ. ಬೆನ್ನು ನೋಯುತ್ತದೆ, ಕೆಲಸ ಚೆನ್ನಾಗಿಯೇ ಆಗುತ್ತದೆ.

ನೀರು, ಮತ್ತು ಕಾಲಿನ ಭಾರ

ಬೆಂಗಳೂರಿನಲ್ಲಿ 2024ರ ಮಾರ್ಚ್‌ನ ನೀರಿನ ಬರದಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂದಿತ್ತು. ಇಷ್ಟು ದೊಡ್ಡ ಹುಲ್ಲುಗಾವಲಿಗೆ ಶುದ್ಧೀಕರಿಸಿದ ಕೊಳಚೆ ನೀರೇ ಸರಿಯಾದ ದಾರಿ. ಆದರೆ ಅದರಲ್ಲಿ ಸೋಡಿಯಂ ಜಾಸ್ತಿ ಇದ್ದರೆ ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು ಚದುರಿ, ಸಂದುಗಳಲ್ಲಿ ಹೋಗಿ ಕೂರುತ್ತವೆ. ಯಾರೂ ತುಳಿಯದೆಯೂ ನೆಲ ಬಿಗಿದುಕೊಳ್ಳುತ್ತದೆ. ನೀರು ಪರೀಕ್ಷೆ ಮಾಡಿಸಿ. ಸೋಡಿಯಂ ಹೆಚ್ಚಿದ್ದರೆ ಜಿಪ್ಸಮ್ ಹಾಕಬೇಕಾಗುತ್ತದೆ. ಅದರ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿಯುತ್ತದೆ, ಆಮೇಲೆ ನೀರು ಬಿಟ್ಟು ಸೋಡಿಯಂ ಅನ್ನು ಕೆಳಗೆ ತೊಳೆದು ಕಳಿಸಬೇಕು. ತೂತು ಹಾಕಿದ ಮೇಲೆ ಜಿಪ್ಸಮ್ ಹಾಕಿದರೆ ಒಳಗೆ ಬೇಗ ತಲುಪುತ್ತದೆ.

ನೀರು ಬಿಡುವ ಹೊತ್ತನ್ನೂ ಬದಲಾಯಿಸಿ. ಬೆಳಗಿನ ಜಾವದ ಬದಲು ಹಿಂದಿನ ಸಂಜೆ ರೇಂಜ್ ಮುಚ್ಚಿದ ಕೂಡಲೇ ಬಿಟ್ಟರೆ ರಾತ್ರಿಯೆಲ್ಲ ಇಳಿದುಹೋಗಲು ಸಮಯ ಸಿಗುತ್ತದೆ. ರೋಗದ ಭಯ ಇದ್ದವರು ಇದಕ್ಕೆ ಒಪ್ಪುವುದಿಲ್ಲ, ಎಲೆ ರಾತ್ರಿಯಿಡೀ ಒದ್ದೆ ಇರುತ್ತದೆ ಎಂಬುದು ಅವರ ವಾದ. ಮಳೆಗಾಲದಲ್ಲಿ ಅದು ನಿಜವೂ ಹೌದು. ಬೇಸಿಗೆಯಲ್ಲಿ, ಗಟ್ಟಿ ಟೀ ಮೇಲೆ, ನಾನು ಸಂಜೆಯ ಪರ.

ಆಟಗಾರರಿಗೆ ಹೇಳಬೇಕಾದ ಮಾತು ಒಂದೇ: ಡಿವಟ್‌ಗಳನ್ನು ಸಾಲಾಗಿ ತೆಗೆಯಿರಿ. ಹಿಂದಿನ ಡಿವಟ್‌ನ ಹಿಂದಕ್ಕೆ ತಾಗಿದಂತೆ ಮುಂದಿನ ಚೆಂಡು ಇಟ್ಟರೆ ಒಂದು ಬುಟ್ಟಿ ಮುಗಿಯುವಾಗ ಒಂದೆರಡು ಉದ್ದನೆಯ ಪಟ್ಟೆ ಮಾತ್ರ ಬೋಳಾಗುತ್ತವೆ. ಪಕ್ಕದ ಗರಿಕೆ ಎರಡೂ ಬದಿಯಿಂದ ಹಬ್ಬಿ ಮುಚ್ಚುತ್ತದೆ. ಅಲ್ಲೊಂದು ಇಲ್ಲೊಂದು ಚೆಂಡು ಇಟ್ಟು ಹೊಡೆದರೆ ಅಷ್ಟೇ ಏಟಿಗೆ ಎರಡು ಪಟ್ಟು ಜಾಗ ಹಾಳು. ಎಲ್ಲಿ ನಿಂತು ಹೊಡೆಯಬೇಕು ಎಂದು ತೋರಿಸುವ ಹಗ್ಗದ ಸಾಲನ್ನು ದಿನಾ ಹಿಂದಕ್ಕೆ ಸರಿಸುವುದು, ವಾರದಲ್ಲಿ ಎರಡು ದಿನ ಮ್ಯಾಟ್ ಮೇಲಷ್ಟೇ ಆಡಿಸುವುದು ಸಿಬ್ಬಂದಿಯ ಪಾಲು. ಬುಟ್ಟಿಗಳು, ಕ್ಯಾಡಿಗಳು ನಿಲ್ಲುವ ಜಾಗ, ಕೋಚ್ ನಿಲ್ಲುವ ಮೂಲೆ, ಟೀ ಹತ್ತುವ ದಾರಿ, ಇವೆಲ್ಲ ಒಂದೇ ಕಡೆ ಇದ್ದರೆ ಅಲ್ಲಿ ಎಷ್ಟು ತೂತು ಹಾಕಿದರೂ ಉಳಿಯದು. ಅಂಥ ದಾರಿಗೆ ಹುಲ್ಲು ಬಿಟ್ಟು ಕಲ್ಲು ಹಾಸಿಬಿಡುವುದೇ ಜಾಣತನ.

ಕೊನೆಗೆ ಚೆಂಡು ಹೋಗಿ ಬೀಳುವ ಬಯಲು. ಚೆಂಡು ಹೆಕ್ಕುವ ಗಾಡಿ ದಿನಾ ಅದೇ ಸುತ್ತು ಹಾಕಿ ಹಾಕಿ ಅಲ್ಲೂ ಗಾಲಿಯ ಗೆರೆ ಗಟ್ಟಿಯಾಗಿರುತ್ತದೆ. ಒಂದು ದಿನ ಉದ್ದಕ್ಕೆ, ಮರುದಿನ ಅಡ್ಡಕ್ಕೆ ಓಡಿಸಲು ಹೇಳಿ. ಮಳೆ ಬಂದು ನೀರು ನಿಂತ ದಿನ ಗಾಡಿ ಶೆಡ್‌ನಲ್ಲೇ ಇರಲಿ. ಆ ದಿನದ ಚೆಂಡುಗಳನ್ನು ಕೈಯಲ್ಲೇ ಹೆಕ್ಕಿದರೆ ಆಯಿತು.